ನಾಲ್ಕು ಕಂಠಗಳ ಗಾನವೂ ನಮ್ಮ ನಾಡೂ

ಅರಿಕುಠಾರವೆಂಬ ಪ್ರಾಚೀನ ಗ್ರಾಮವು ಚಾಮರಾಜನಗರವೆಂಬ ಹೆಸರನ್ನು ಪಡೆದುದು 1818ರಲ್ಲಿ. ಮುಮ್ಮಡಿ ಕೃಷ್ಣರಾಜ ಒಡೆಯರವರು ತಮ್ಮ ತಂದೆಯವರ ಜನ್ಮಸ್ಥಳವಿದೆಂದು ಈ ನಾಮವನ್ನಿತ್ತು, 1826ರಲ್ಲಿ ಚಾಮರಾಜೇಶ್ವರನ ದೇವಾಲಯವನ್ನು ಕಟ್ಟಿಸಿದರು. ಊರಿಗೆ ಹೆಸರಿತ್ತ ಆ ರಾಜಮನೆತನದಲ್ಲಿಯೇ ನೂರು ವರ್ಷಗಳ ತರುವಾಯ, 1919ರಲ್ಲಿ, ಜಯಚಾಮರಾಜ ಒಡೆಯರವರು ಜನಿಸಿದರು. ಪಾಶ್ಚಾತ್ಯರ ಸ್ವರಮೇಳನ ಶಾಸ್ತ್ರವನ್ನು ಅವರಷ್ಟು ಆಳವಾಗಿ ಅರಿತ ಕನ್ನಡ ನಾಡಿನ ಅರಸರು ಬೇರೊಬ್ಬರಿಲ್ಲವೆಂದರೆ ಅತಿಶಯೋಕ್ತಿಯಾಗಲಾರದು. ಆ ಶಾಸ್ತ್ರದ ಸ್ವರೂಪವೇನು, ಅದಕ್ಕೂ ನಮಗೂ ಏನು ಸಂಬಂಧವೆಂಬುದನ್ನು ವಿಚಾರಿಸುವುದು ಇಲ್ಲಿಯ ಉದ್ದೇಶ.

ಗುಂಡ್ಲುಪೇಟೆ, ಚಾಮರಾಜನಗರಗಳ ಸೀಮೆಯಲ್ಲಿ ಮಂಟೇಸ್ವಾಮಿಯ ಕಾವ್ಯವನ್ನು ಹಾಡುವ ನೀಲಗಾರರನ್ನು ಕೇಳದವರು ವಿರಳ. ಮುಂದಾಳು ತಂಬೂರಿಯನ್ನು ಮೀಟುತ್ತ ಕಥೆಯನ್ನೆತ್ತುವನು. ಹಿಮ್ಮೇಳದವರು ದಮ್ಮಡಿ, ತಾಳಗಳೊಡನೆ ಸೊಲ್ಲುಗೂಡುವರು. ಕಂಠಗಳು ಹಲವಾದರೂ ಗಾನದ ಹಾದಿ ಒಂದೇ. ನಮ್ಮ ಸಂಗೀತಸಭೆಗಳಲ್ಲಿಯೂ ಹೀಗೆಯೇ: ಪಿಟೀಲು ಗಾಯಕನನ್ನು ನೆರಳಿನಂತೆ ಅನುಸರಿಸುವುದು; ಶ್ರುತಿಯು ಎಲ್ಲರಿಗೂ ಆಧಾರವಾಗಿ ನಿಲ್ಲುವುದು.

ಯೂರೋಪಿನವರು ಬೇರೊಂದು ದಾರಿಯನ್ನು ಹಿಡಿದರು. ಅವರ ವೃಂದಗಾನದಲ್ಲಿ ಕಂಠಗಳು ನಾಲ್ಕು. ಸ್ತ್ರೀಯರ ಉಚ್ಚಕಂಠಕ್ಕೆ ಸೊಪ್ರಾನೊ, ತಗ್ಗಿನ ಕಂಠಕ್ಕೆ ಆಲ್ಟೊ, ಪುರುಷರ ಉಚ್ಚಕಂಠಕ್ಕೆ ಟೆನರ್, ಮಂದ್ರಕಂಠಕ್ಕೆ ಬಾಸ್ ಎಂದು ಹೆಸರು. ಒಂದೊಂದು ಕಂಠಕ್ಕೂ ಒಂದೊಂದು ಪ್ರತ್ಯೇಕ ಗಾನವಿದ್ದು, ನಾಲ್ಕೂ ಏಕಕಾಲದಲ್ಲಿ ನುಡಿದಾಗ ಸ್ವರಗುಚ್ಛವೊಂದು ಹುಟ್ಟುವುದು.

ನಮ್ಮ ಧೀರಶಂಕರಾಭರಣದ ಸ್ವರಗಳಿಂದಲೇ ಇದನ್ನು ತಿಳಿಯಬಹುದು. ಷಡ್ಜ, ಗಾಂಧಾರ, ಪಂಚಮ ಇವು ಮೂರು ಸೇರಿ ಒಂದು ಗುಚ್ಛ. ಕಂಠಗಳು ನಾಲ್ಕಿರುವುದರಿಂದ ಷಡ್ಜವು ಸಾಮಾನ್ಯವಾಗಿ ಎರಡು ಸ್ಥಾಯಿಗಳಲ್ಲಿ ನುಡಿಯುವುದು. ಇಲ್ಲಿಂದ ಮಧ್ಯಮ, ಧೈವತ, ಷಡ್ಜಗಳ ಗುಚ್ಛಕ್ಕೆ ಹೋಗಬೇಕಾಗಿದೆ ಎಂದುಕೊಳ್ಳೋಣ. ಎರಡಕ್ಕೂ ಸಮಾನವಾದ ಷಡ್ಜವನ್ನು ಹಿಡಿದ ಮೇಲಿನ ಕಂಠವು ಕದಲದು. ಗಾಂಧಾರವು ನೆರೆಯ ಮಧ್ಯಮಕ್ಕೂ, ಪಂಚಮವು ನೆರೆಯ ಧೈವತಕ್ಕೂ ಒಂದೊಂದು ಹೆಜ್ಜೆ ಏರುವುವು. ಬಾಸ್ ಮಾತ್ರ ಷಡ್ಜದಿಂದ ಕೆಳಗಿನ ಮಧ್ಯಮಕ್ಕೆ ಇಳಿಯುವುದು. ಅನಾವಶ್ಯಕವಾಗಿ ನೆಗೆಯದೆ ಸಮೀಪದ ಸ್ವರಕ್ಕೆ ನಡೆಯುವುದೇ ಕಂಠಗತಿಯ ಮೊದಲನೆಯ ನಿಯಮ.

ಎರಡನೆಯದು ನಿಷೇಧರೂಪವಾದುದು. ಷಡ್ಜ ಪಂಚಮಗಳನ್ನು ನುಡಿಯುತ್ತಿರುವ ಎರಡು ಕಂಠಗಳು ಜೊತೆಯಾಗಿಯೇ ಋಷಭ ಧೈವತಗಳಿಗೆ ಏರಕೂಡದು. ಅಪಸ್ವರವಾಗುವುದೆಂದಲ್ಲ, ಪಂಚಮಾಂತರದಲ್ಲಿ, ಅಥವಾ ಒಂದು ಸ್ಥಾಯಿಯ ಅಂತರದಲ್ಲಿ, ಒಂದೇ ದಿಕ್ಕಿಗೆ ನಡೆದ ಕಂಠಗಳು ಕಿವಿಗೆ ಒಂದಾಗಿ ಕೇಳುವುವು, ನಾಲ್ಕು ಮೂರಕ್ಕೆ ಇಳಿದಂತಾಗುವುದು. ಒಂದು ಕಂಠ ಏರಿದಾಗ ಇನ್ನೊಂದು ಇಳಿದರೆ ಎರಡರ ವ್ಯಕ್ತಿತ್ವವೂ ಉಳಿಯುವುದು. ಕಾಕಲಿ ನಿಷಾದವು ಮೇಲಿನ ಷಡ್ಜವನ್ನು ಸೇರಲು ತವಕಿಸುವುದೆಂಬುದನ್ನು ನಮ್ಮ ಗಾಯಕರೂ ಬಲ್ಲರು; ಅಲ್ಲಿ ಅದೂ ಒಂದು ನಿಯಮ.

ಈ ಶಾಸ್ತ್ರವು ಒಬ್ಬರ ಕಲ್ಪನೆಯಲ್ಲ. ಶತಮಾನಗಳ ದೇವಾಲಯಗಾನದಲ್ಲಿ ಬೆಳೆದುದನ್ನು ಫ್ರಾನ್ಸಿನ ರಾಮೋ 1722ರಲ್ಲಿ ಗ್ರಂಥರೂಪಕ್ಕೆ ತಂದನು. 1750ರಲ್ಲಿ ತೀರಿಕೊಂಡ ಜರ್ಮನಿಯ ಬಾಖನು ನಾಲ್ಕು ಕಂಠಗಳಿಗೆ ಅಳವಡಿಸಿದ ಸ್ತುತಿಗೀತೆಗಳು ಇಂದಿಗೂ ವಿದ್ಯಾರ್ಥಿಗಳಿಗೆ ಮೊದಲ ಪಾಠ.

ಮೈಸೂರಿಗೆ ಈ ನಾದವು ಅರಮನೆಯ ಮೂಲಕ ಬಂದಿತು. ನಾಲ್ವಡಿ ಕೃಷ್ಣರಾಜ ಒಡೆಯರವರ ಕಾಲದಲ್ಲಿ ಕರ್ನಾಟಕ ವಾದ್ಯವೃಂದದೊಡನೆ ಪಾಶ್ಚಾತ್ಯ ವಾದ್ಯವೃಂದವೂ ಇದ್ದು, ಜರ್ಮನಿಯ ಆಟೋ ಶ್ಮಿಟ್ ಅದರ ನಾಯಕರಾಗಿದ್ದರು. ಆ ವಾತಾವರಣದಲ್ಲಿ ಬೆಳೆದ ಜಯಚಾಮರಾಜ ಒಡೆಯರವರು ಪಿಯಾನೋ ವಾದಕರಾಗಬೇಕೆಂದು ಹಂಬಲಿಸಿದರು. ಆದರೆ 1940ರ ಮಾರ್ಚಿಯಲ್ಲಿ ತಂದೆಯವರೂ ಆಗಸ್ಟಿನಲ್ಲಿ ದೊಡ್ಡಪ್ಪನವರಾದ ನಾಲ್ವಡಿಯವರೂ ದಿವಂಗತರಾಗಲು, ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಸಿಂಹಾಸನವು ಅವರ ಪಾಲಿಗೆ ಬಂದಿತು. ಪಿಯಾನೋ ವಾದಕನ ಬಾಳು ಕೈತಪ್ಪಿತು.

ಕೈತಪ್ಪಿದುದನ್ನು ಅವರು ಪರರಿಗೆ ದೊರಕಿಸಿದರು. ಲಂಡನ್ನಿನಲ್ಲಿ ಕಷ್ಟದಲ್ಲಿದ್ದ ರಷ್ಯದ ವಾಗ್ಗೇಯಕಾರ ಮೆಟ್ನರನ ಕೃತಿಗಳನ್ನು ಧ್ವನಿಮುದ್ರಿಸಲು ದ್ರವ್ಯಸಹಾಯವಿತ್ತರು. ಆತನು ತನ್ನ ಮೂರನೆಯ ಪಿಯಾನೋ ಕಂಚೆರ್ಟೊವನ್ನು ಅವರಿಗೆ ಅರ್ಪಿಸಿದನು. 1949ರಲ್ಲಿ ಮೃತನಾದ ರಿಚರ್ಡ್ ಸ್ಟ್ರಾಸನ ಕೊನೆಯ ನಾಲ್ಕು ಗೀತೆಗಳು 1950ರ ಮೇ 22ರಂದು ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ಮೊದಲಬಾರಿಗೆ ಕೇಳಿಬಂದುದೂ ಮೈಸೂರಿನ ಔದಾರ್ಯದಿಂದಲೇ.

ಇಷ್ಟಾದರೂ ಅವರು ರಾಗಗಳ ಮೇಲೆ ಸ್ವರಗುಚ್ಛಗಳನ್ನು ಹೇರಹೋಗಲಿಲ್ಲವೆಂಬುದು ಗಮನಾರ್ಹ. ವಾಸುದೇವಾಚಾರ್ಯರ ಬಳಿ ಪಾಠಮಾಡಿ, ಶ್ರೀವಿದ್ಯಾ ಎಂಬ ಅಂಕಿತದಲ್ಲಿ 94 ಕೃತಿಗಳನ್ನು ಶುದ್ಧ ಕರ್ನಾಟಕ ಪದ್ಧತಿಯಲ್ಲಿಯೇ ರಚಿಸಿದರು. ಕಾರಣವು ಸ್ಪಷ್ಟವಾಗಿದೆ. ನಮ್ಮ ಸ್ವರಕ್ಕೆ ಗಮಕವೇ ಜೀವ. ತೋಡಿಯ ಗಾಂಧಾರವು ಒಂದೆಡೆ ನಿಲ್ಲದೆ ತೂಗಾಡುವುದು. ತೂಗಾಡುವ ಸ್ವರದ ಮೇಲೆ ಬೇರೊಂದನ್ನು ಕಂಬದಂತೆ ನಿಲ್ಲಿಸುವುದೆಂತು? ಅಲ್ಲಿ ನಾಲ್ವರು ಹಂಚಿಕೊಳ್ಳುವ ಸಿರಿಯನ್ನು ಇಲ್ಲಿ ಒಬ್ಬನ ಕಂಠವೇ ಹೊರಬೇಕಾಗಿದೆ.

ಹಾಗೆಂದು ಅಲ್ಲಿಯ ವಿದ್ಯೆ ನಮಗೆ ನಿರುಪಯೋಗಿಯೆನ್ನಲಾಗದು. ನೆರೆಯವನೊಡನೆ ಕೂಡಿ ನಡೆ, ಆದರೆ ಅವನ ನೆರಳಾಗಬೇಡವೆಂಬುದು ನಾಲ್ಕು ಕಂಠಗಳ ಧರ್ಮ. ಎರಡು ಸಂಗೀತಗಳನ್ನೂ ಬಲ್ಲ ಅರಸರು ಒಂದನ್ನೊಂದಕ್ಕೆ ಅಡಿಯಾಳಾಗಿಸದೆ ಬಾಳಿದುದೂ ಈ ಧರ್ಮದಿಂದಲೇ. ಎರಡು ಸಂಸ್ಕೃತಿಗಳು ಸಂಧಿಸುವ ಎಲ್ಲೆಡೆಯಲ್ಲಿಯೂ ಇದು ಸ್ಮರಿಸತಕ್ಕ ನಿಯಮವು.