ವೀರಗಲ್ಲು ಮತ್ತು ವಿಮಾನ ದುರಂತ: ಮರಣಕಾರಣದ ಸ್ಮೃತಿ

ವೀರಗಲ್ಲುಗಳು ಮಡಿದವನ ಹೆಸರಿನೊಡನೆ ಮಡಿದ ಕಾರಣವನ್ನೂ ಹೇಳುತ್ತವೆ. ತುರುಗೋಳು, ಊರಳಿವು, ಗಡಿಕಾಳಗ ಮುಂತಾದವು ಅವುಗಳ ವಿಂಗಡಣೆಗೇ ಆಧಾರವಾಗಿವೆ. ಉತ್ತರ ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದ ಕಿತ್ತಯ್ಯನ ವೀರಗಲ್ಲು ಸುಮಾರು ಕ್ರಿ.ಶ. 750ರದು. ಗಂಗ ಶ್ರೀಪುರುಷನ ಆಳ್ವಿಕೆಯಲ್ಲಿ ರಟ್ಟವಾಡಿಯವರ ದಾಳಿಯನ್ನೆದುರಿಸಿ ಆತ ಮಡಿದನೆಂಬುದು ಅದರ ಸಾರಾಂಶ.

ಅಲ್ಲಿಗೆ ಸಮೀಪದ ಯಲಹಂಕ ವಾಯುನೆಲೆಯಲ್ಲಿ 2019ರ ಫೆಬ್ರವರಿ 19ರಂದು, ಏರೋ ಇಂಡಿಯಾದ ಪೂರ್ವಾಭ್ಯಾಸದ ವೇಳೆ, ಸೂರ್ಯಕಿರಣ ತಂಡದ ಎರಡು ಹಾಕ್ ಜೆಟ್‌ಗಳು ಪರಸ್ಪರ ಡಿಕ್ಕಿಯಾದವು. ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ಮಡಿದರು. ಇನ್ನಿಬ್ಬರು ಪೈಲಟ್‌ಗಳು ಪಾರಾದರು. ಈ ಸಾವಿನಲ್ಲಿ ಎದುರಾಳಿಯೇ ಇರಲಿಲ್ಲ.

ಎದುರಾಳಿಯಿಲ್ಲದ ಇಂತಹ ಮರಣಕ್ಕೆ ನಗರದ ಪೂರ್ವಭಾಗದಲ್ಲಿ ಹಿಂದಿನ ನಿದರ್ಶನವೊಂದಿದೆ. ಎಚ್‌ಎಎಲ್‌ನಲ್ಲಿ ಕುರ್ಟ್ ಟ್ಯಾಂಕ್ ವಿನ್ಯಾಸಗೊಳಿಸಿದ ಮಾರುತ್ ಜೆಟ್ಟನ್ನು 1961ರ ಜೂನ್ 17ರಂದು ಮೊದಲು ಹಾರಿಸಿದವರು ಸುರಂಜನ್ ದಾಸ್. 1970ರ ಜನವರಿ 10ರಂದು ಅದೇ ಜೆಟ್ಟಿನ ಸುಧಾರಿತ ಮಾದರಿಯೊಂದು ಮೇಲೇರುತ್ತಲೇ ಪತನಗೊಂಡು ಅವರು ಮೃತಪಟ್ಟರು. ಕಾಕ್‌ಪಿಟ್ಟಿನ ಮುಚ್ಚಳದ ಅಗುಳಿಯ ವೈಫಲ್ಯವನ್ನು ಇದಕ್ಕೆ ಕಾರಣವೆಂದು ಗುರುತಿಸಲಾಗಿದೆ. ಇಂದು ಅವರ ಹೆಸರಿನ ರಸ್ತೆಯಿದೆ. ಆದರೆ ಆ ನಾಮಫಲಕ ಅಗುಳಿಯ ಮಾತನ್ನು ಹೇಳುವುದಿಲ್ಲ.

ಇಲ್ಲಿಯೇ ಆಧುನಿಕ ಸ್ಮಾರಕ ವೀರಗಲ್ಲಿಗಿಂತ ಹಿಂದೆ ಬೀಳುತ್ತದೆ. ತಿರುಪು, ಅಗುಳಿ, ತಪಾಸಣೆಗಳಲ್ಲಿ ಉಳಿದ ಲೋಪವನ್ನು 'ವಿಧಿ' ಎಂದು ಕರೆದೊಡನೆ ಶೋಕ ಉಳಿಯುತ್ತದೆ, ಎಚ್ಚರ ಅಳಿಯುತ್ತದೆ. ವೀರನ ಪ್ರಶಂಸೆಯಷ್ಟೇ ಮರಣಕಾರಣದ ದಾಖಲೆಯೂ ಜನಸ್ಮೃತಿಯ ಹೊಣೆಯೆಂಬುದನ್ನು ಹೆಬ್ಬಾಳದ ಶಿಲೆ ಇಂದಿಗೂ ನೆನಪಿಸುತ್ತದೆ.