ಬೆಸುಗೆ ಹಾಕುವ ಮಾಸ್ತರರು

ಮಸ್ಕಿಯ ಅಶೋಕ ಶಾಸನ 1915ರಲ್ಲಿ ಕಣ್ಣಿಗೆ ಬಿದ್ದದ್ದು ಚಿನ್ನದ ಅದಿರು ಹುಡುಕುತ್ತ ಬಂದಿದ್ದ ಗಣಿ ಎಂಜಿನಿಯರ್ ಸಿ. ಬೀಡನ್ ಅವರಿಗೆ. ‘ದೇವಾನಾಂಪ್ರಿಯ’ ಎಂದರೆ ಅಶೋಕನೇ ಎಂಬುದು ಆ ಬಂಡೆಯಿಂದ ಖಚಿತವಾಯಿತು. ಕಸುಬಿನ ಕಣ್ಣು ಇತಿಹಾಸದ ಗಂಟು ಬಿಡಿಸಿತ್ತು. ಅದೇ ಸೀಮೆಯ ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನಕ್ಕಾಗಿ ನೂರಾರು ಅಡಿ ಆಳಕ್ಕಿಳಿದ ಪ್ರಾಚೀನ ಗಣಿಗುಂಡಿಗಳಿವೆ. 1953ರಲ್ಲಿ ತುಂಗಭದ್ರೆಯ ನೀರು ಬಿಟ್ಟ ಮೇಲೆ ಎಡದಂಡೆ ಕಾಲುವೆ ಸಿಂಧನೂರಿನ ಜೋಳದ ಎರೆಹೊಲಗಳನ್ನು ಭತ್ತದ ಗದ್ದೆಯಾಗಿಸಿತು. ಇಷ್ಟು ಕಸುಬುಗಳ ಸೀಮೆಗೆ ಹೈಸ್ಕೂಲು ಮಾತ್ರ ಬೆನ್ನು ಮಾಡಿ ನಿಂತಿತು. ನಿಜಾಮರ ಕಾಲದಲ್ಲಿ ಅಲ್ಲಿನ ಬೋಧನೆ ಬಹುಮಟ್ಟಿಗೆ ಉರ್ದುವಿನಲ್ಲಿತ್ತು. ಕೂರಿಗೆ, ತೂಬು, ಕುಲುಮೆಗಳ ಕನ್ನಡಕ್ಕೆ ಪಾಠದ ಕೋಣೆಯಲ್ಲಿ ಜಾಗವಿರಲಿಲ್ಲ. 1956ರ ಏಕೀಕರಣದ ನಂತರ ಕನ್ನಡ ಒಳಗೆ ಬಂತು, ಕಸುಬು ಹೊರಗೇ ಉಳಿಯಿತು.

ಇದಕ್ಕೆ ಪಠ್ಯಕ್ರಮವನ್ನು ದೂರುವುದು ಸುಲಭ. ನನ್ನ ಮಟ್ಟಿಗೆ ಕೊರತೆ ಇರುವುದು ಮಾಸ್ತರರ ತರಬೇತಿಯಲ್ಲಿ. 1937ರ ವಾರ್ಧಾ ಸಮ್ಮೇಳನ ಕೈಕಸುಬನ್ನೇ ಕಲಿಕೆಯ ನಡುವಿಟ್ಟಿತು. 1952-53ರ ಮುದಲಿಯಾರ್ ಆಯೋಗ ಓದಿನೊಂದಿಗೆ ವೃತ್ತಿವಿಷಯಗಳನ್ನೂ ಕಲಿಸುವ ಬಹೂದ್ದೇಶ ಶಾಲೆಗಳನ್ನು ಸೂಚಿಸಿತು. ಓದು, ಕಸುಬು ಎರಡನ್ನೂ ಬೆಸೆದು ಕಲಿಸುವವರನ್ನು ತಯಾರು ಮಾಡಲೆಂದೇ 1963ರಲ್ಲಿ ಮೈಸೂರಿನ ಪ್ರಾದೇಶಿಕ ಶಿಕ್ಷಣ ಕಾಲೇಜು ಹುಟ್ಟಿತು. ಅಜ್ಮೀರ್, ಭೋಪಾಲ್, ಭುವನೇಶ್ವರಗಳಲ್ಲೂ ಅದರ ಸೋದರ ಸಂಸ್ಥೆಗಳಿದ್ದವು. ನಾಲ್ಕು ವರ್ಷದ ಕೋರ್ಸಿನಲ್ಲಿ ವಿಷಯಜ್ಞಾನ, ತಂತ್ರವಿದ್ಯೆ, ಬೋಧನಾಕ್ರಮ ಒಟ್ಟಿಗೇ ಸಾಗುತ್ತಿದ್ದವು. ಇಷ್ಟು ಸರಿಯಾದ ಯೋಚನೆ ಈ ಕ್ಷೇತ್ರದಲ್ಲಿ ಮತ್ತೆ ಬಂದಿಲ್ಲವೆಂದೇ ನಾನು ನಂಬಿದ್ದೇನೆ. ಬಹೂದ್ದೇಶ ಶಾಲೆಗಳು ಸೊರಗಿದಾಗ ಆ ತಂತ್ರವಿದ್ಯೆಯ ಕೋರ್ಸೂ ನಿಂತಿತು. ಇಂದು 9ನೇ ತರಗತಿಯಿಂದ ವೃತ್ತಿವಿಷಯ ಕಲಿಸುವ ಯೋಜನೆಯಿದೆ. ಆದರೆ ಹಲವು ರಾಜ್ಯಗಳಲ್ಲಿ ಅದನ್ನು ಕಲಿಸುವವರು ಗುತ್ತಿಗೆಯ ತರಬೇತುದಾರರು. ಗಣಿತದ ಮಾಸ್ತರರು ಪಕ್ಕದ ಕೋಣೆಯಲ್ಲಿರುತ್ತಾರೆ.

ಓದಿಗೆ ಕಸುಬನ್ನು ಬೆಸೆಯುವುದು ಬಡವರ ಮಕ್ಕಳನ್ನು ಮತ್ತೆ ಅಪ್ಪನ ಕಸುಬಿಗೇ ಕಟ್ಟಿಹಾಕುವ ಉಪಾಯ ಎಂಬ ಆಕ್ಷೇಪ ಹಗುರವಾದದ್ದಲ್ಲ. ಜಾತಿಯ ನೊಗ ಹೊತ್ತವರ ಅನುಭವ ಅದರ ಹಿಂದಿದೆ. ಆ ಭಯ ನಿಜವಾಗುವುದು ಕಸುಬಿಗೊಂದು, ಓದಿಗೊಂದು ಎಂದು ಮಕ್ಕಳನ್ನು ಎರಡು ಸಾಲು ಮಾಡಿದಾಗ. ಬೆಸೆದ ಪಾಠದಲ್ಲಿ ಎಲ್ಲ ಮಕ್ಕಳೂ ಒಂದೇ ಸಾಲು. ಕಾಲುವೆಯ ಅಗಲ, ಆಳ, ನೀರಿನ ವೇಗ ಗುಣಿಸಿ ಕ್ಯೂಸೆಕ್ಸ್ ಲೆಕ್ಕ ಹಾಕುವ ಹುಡುಗಿ ಕೊನೆಭಾಗದ ರೈತರಿಗೆ ನೀರೇಕೆ ತಲುಪುತ್ತಿಲ್ಲವೆಂದು ಕೇಳಬಲ್ಲಳು. ಸಯನೈಡ್ ದ್ರಾವಣದಿಂದ ಸತು ಚಿನ್ನವನ್ನು ಹೊರದಬ್ಬುವುದು ಹತ್ತನೆಯ ತರಗತಿಯ ಸ್ಥಾನಪಲ್ಲಟ ಕ್ರಿಯೆಯೇ. ಅತಿ ನೀರಿನಿಂದ ಸವಳು ಹತ್ತಿದ ಗದ್ದೆಯಲ್ಲಿ ಲವಣಗಳ ಪಾಠವಿದೆ. ಇದನ್ನು ತೋರಿಸಲು ವಿಜ್ಞಾನದ ಮಾಸ್ತರರು ತಮ್ಮ ಬಿ.ಎಡ್. ಅವಧಿಯಲ್ಲೇ ಗದ್ದೆಯ ಬದುವಿನ ಮೇಲೆ, ಗಣಿಯ ಕಾರ್ಖಾನೆಯಲ್ಲಿ ಕೆಲವು ವಾರ ಕಳೆದಿರಬೇಕು.