ವೋಲ್ಟಿನ ದೇಶಭೇದ

ಅಮೆರಿಕದಲ್ಲಿ ನೆಲಸಿರುವ ಮಗಳಿಗೆ ಇಲ್ಲಿಂದ ಮಿಕ್ಸಿಯನ್ನು ಕಳುಹಿಸಲು ಹೊರಟ ತಾಯಂದಿರು ನಮ್ಮ ಗಚ್ಚಿಬೌಲಿಯಲ್ಲಿ ಕಡಮೆಯೇನಲ್ಲ. "110ರದು ಬೇಕೋ, 220ರದೋ?" ಎಂದು ಅಂಗಡಿಯವನು ಕೇಳಿದಾಗಲೇ ವಿದ್ಯುಚ್ಛಕ್ತಿಗೂ ದೇಶಭೇದವುಂಟೆಂಬುದು ನೆನಪಾಗುವುದು. ಈ ಭೇದ ಪ್ರಕೃತಿ ಮಾಡಿದ್ದಲ್ಲ, ಮೊದಲು ಬಂದವರು ಮಾಡಿದ್ದು.

1882ರಲ್ಲಿ ಎಡಿಸನ್ನನು ನ್ಯೂಯಾರ್ಕಿನ ಪರ್ಲ್ ಸ್ಟ್ರೀಟಿನಲ್ಲಿ ವಿದ್ಯುದಾಗಾರವನ್ನು ತೆರೆದನು. ಅವನ ದೀಪದೊಳಗಿನ ಇಂಗಾಲದ ಎಳೆ ಹೆಚ್ಚು ಕಾಲ ಬಾಳುತ್ತಿದ್ದುದು ಸುಮಾರು 100-110 ವೋಲ್ಟಿನಲ್ಲಿ. ಅಮೆರಿಕದ ಮನೆಗಳ ಲೆಕ್ಕವೆಲ್ಲ ಆ ಒಂದು ಎಳೆಯಿಂದ ಹುಟ್ಟಿತೆಂದರೆ ತಪ್ಪಾಗದು. ಅತ್ತ ಬರ್ಲಿನ್ನಿನ ಕಂಪನಿ 1899ರಲ್ಲಿ 220ಕ್ಕೆ ಹೊರಳಿತು. ಕಾರಣ ತಾಮ್ರದ ಬೆಲೆ! ವೋಲ್ಟು ಇಮ್ಮಡಿಯಾದರೆ ಅಷ್ಟೇ ಶಕ್ತಿಗೆ ತಂತಿಯಲ್ಲಿ ಹರಿಯುವ ಪ್ರವಾಹ ಅರ್ಧವಾಗುತ್ತದೆ. ತಂತಿ ಬಿಸಿಯಾಗಿ ಪೋಲಾಗುವ ಶಕ್ತಿ ಕಾಲುಭಾಗಕ್ಕೆ ಇಳಿಯುತ್ತದೆ. ಗಿರಾಕಿಗಳ ದೀಪ, ಮೋಟಾರುಗಳನ್ನು ಬದಲಾಯಿಸಿಕೊಡುವ ಖರ್ಚನ್ನು ಆ ಉಳಿತಾಯದಿಂದಲೇ ತುಂಬಿಕೊಳ್ಳಬಹುದಾಗಿತ್ತು. ಅಮೆರಿಕದಲ್ಲಾದರೋ ಹಳೆಯ ಸಾಮಾನು ಅಷ್ಟರಲ್ಲೇ ಮನೆಮನೆಗೂ ಹೊಕ್ಕಿದ್ದಿತು. ಅಲ್ಲಿ ಇಂದಿಗೂ ಗೋಡೆಯ ಸಾಕೆಟ್ಟಿಗೆ 120, ದೊಡ್ಡ ಒಲೆಗಳಿಗೆ ಮಾತ್ರ 240. ನಮಗೆ ಇಂಗ್ಲೆಂಡಿನ ಪದ್ಧತಿ ಬಂದು 230 ನಿಂತಿತು.

ವೋಲ್ಟಿನ ಜೊತೆಗೆ ಇನ್ನೊಂದು ತೊಡಕುಂಟು: ಪ್ರವಾಹ ಸೆಕೆಂಡಿಗೆ ಎಷ್ಟು ಬಾರಿ ಹಿಂದುಮುಂದಾಗುತ್ತದೆ ಎಂಬುದು. ನಮ್ಮಲ್ಲಿ 50, ಅಮೆರಿಕದಲ್ಲಿ 60. ಟ್ರಾನ್ಸ್‌ಫಾರ್ಮರು ವೋಲ್ಟನ್ನು ಬದಲಿಸೀತು, ಇದನ್ನು ಬದಲಿಸದು. ಜಪಾನಿನಲ್ಲಿ ಟೋಕಿಯೋಗೆ ಜರ್ಮನಿಯ ಯಂತ್ರ, ಓಸಾಕಾಗೆ ಅಮೆರಿಕದ ಯಂತ್ರ ಬಂದುದರಿಂದ ಒಂದೇ ದೇಶ ಇವತ್ತಿಗೂ 50, 60 ಎಂದು ಎರಡಾಗಿ ಒಡೆದಿದೆ.

ಅಷ್ಟು ದೂರವೇಕೆ? ನಮ್ಮ ಮೈಸೂರೇ ಮೂರನೆಯ ಲೆಕ್ಕ ಹಿಡಿದಿತ್ತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ಡಿ ಲಾಟ್ಬಿನಿಯೇರ್ ಎಂಬ ಇಂಜಿನಿಯರರ ಯೋಜನೆಯಂತೆ, ಶಿವನಸಮುದ್ರದಲ್ಲಿ ಕಾವೇರಿಯಿಂದ ವಿದ್ಯುತ್ತನ್ನು ತೆಗೆಯುವ ಕೆಲಸ ಮೊದಲಾಯಿತು. ಅಯ್ಯರ್ ಅವರು 1901ರಲ್ಲಿ ತೀರಿಕೊಂಡರು; ಫಲವನ್ನು ಕಣ್ಣಾರೆ ಕಾಣಲಿಲ್ಲ. 1902ರ ಜೂನಿನಲ್ಲಿ ಆ ವಿದ್ಯುತ್ತು ಸುಮಾರು 92 ಮೈಲಿ ಹರಿದು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಅಷ್ಟು ದೂರ ಸಾಗಿಸಲು 30,000 ವೋಲ್ಟಿಗೆ ಕಡಮೆಯಿಲ್ಲದ ಒತ್ತಡ ಬೇಕಾಯಿತು. ಬರ್ಲಿನ್ನಿನವರ ತಾಮ್ರದ ಲೆಕ್ಕವೇ ಇಲ್ಲಿಯೂ. ವಿದ್ಯುದ್ಯಂತ್ರಗಳನ್ನು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ ಒದಗಿಸಿತು. ಪ್ರವಾಹ ಸೆಕೆಂಡಿಗೆ 25 ಆವರ್ತದ್ದು. ನಿಧಾನವಾಗಿ ತಿರುಗುವ ದೊಡ್ಡ ಮೋಟಾರುಗಳಿಗೆ ಅದು ಒಪ್ಪುತ್ತದೆ. ದೀಪಕ್ಕೆ ಅಷ್ಟು ಒಳ್ಳೆಯದಲ್ಲ, ಬೆಳಕು ತುಸು ನಡುಗಿದಂತೆ ತೋರುತ್ತದೆ. ಆದರೆ ಆಗ ದೀಪದ ಚಿಂತೆ ಯಾರಿಗಿತ್ತು? ಗಿರಾಕಿ ಚಿನ್ನದ ಕಂಪನಿ. ಅದರ ಹಣದ ಭರವಸೆಯಿಲ್ಲದೆ ಯೋಜನೆಯೇ ಏಳುತ್ತಿರಲಿಲ್ಲವೆಂಬುದನ್ನೂ ಹೇಳಬೇಕು.

ಬೆಂಗಳೂರಿನ ಬೀದಿಗೆ ಅದೇ ಕಾವೇರಿಯ ಬೆಳಕು ಬಂದುದು 1905ರ ಆಗಸ್ಟಿನಲ್ಲಿ, ಗಣಿಗಿಂತ ಮೂರು ವರ್ಷ ತಡವಾಗಿ. ಗಣಿಗೆಂದು ಆರಿಸಿದ 25 ಆವರ್ತವೇ ಊರಿನ ದೀಪಕ್ಕೂ ಬಂದಿತು. ದೇಶವೆಲ್ಲ 50ಕ್ಕೆ ನಿಂತಮೇಲೆ ಈ ಹಳೆಯ ಜಾಲವೂ ಬದಲಾಗಬೇಕಾಯಿತು. ಮೊದಲು ಬಂದವನಿಗೆ ಸಲ್ಲುವ ದಂಡವೆನ್ನೋಣವೆ?

ನಾವೀಗ ಇರುವ ಹೈದರಾಬಾದಿಗೆ ಜಲಪಾತದ ಆಸರೆಯಿರಲಿಲ್ಲ. ನಿಜಾಮರ ಸರಕಾರ 1920ರಲ್ಲಿ ಹುಸೇನ್ ಸಾಗರದ ದಂಡೆಯ ಮೇಲೆ ಕಲ್ಲಿದ್ದಲಿನ ವಿದ್ಯುದಾಗಾರವನ್ನು ಕಟ್ಟಿಸಿತು. ಆ ಕಟ್ಟಡ ಈಗಿಲ್ಲ. ಕೋಲಾರದ ಗಣಿಗಳೂ 2001ರಲ್ಲಿ ಮುಚ್ಚಿದವು. ಶಿವನಸಮುದ್ರದಲ್ಲಿ ಮಾತ್ರ ಇಂದಿಗೂ ವಿದ್ಯುತ್ತು ಹುಟ್ಟುತ್ತಿದೆ, ಈಗ 50 ಆವರ್ತದ್ದು.